ತಗಡಿನ ಕತ್ತರಿಯೂ ಸನ್ನೆಯ ತತ್ತ್ವವೂ

ಮಾಗಡಿ ರಸ್ತೆಯ ಕಾಮಾಕ್ಷಿಪಾಳ್ಯವನ್ನು ಹಾದುಹೋಗುವವರಿಗೆ ಲೋಹವನ್ನು ಕೊರೆಯುವ, ಬಡಿಯುವ, ಕತ್ತರಿಸುವ ಸದ್ದು ಹೊಸದಲ್ಲ. ಅಲ್ಲಿಯ ಸಣ್ಣ ಕಾರ್ಖಾನೆಗಳಲ್ಲಿ ಯಂತ್ರಗಳು ಮಾಡುವ ಈ ಕೆಲಸವನ್ನು ಮನೆಯಂಗಳದಲ್ಲಿ, ಅಲ್ಪ ವೆಚ್ಚದಲ್ಲಿ ಮಾಡಿಕೊಳ್ಳಬಹುದೆ? ವಿಜಯನಗರದ ನಮ್ಮ ಮನೆಯಲ್ಲಿ ಈ ಪ್ರಶ್ನೆಯನ್ನು ಎಬ್ಬಿಸಿದುದು ಒಂದು ಹಳೆಯ ಮಾರುತಿ ೮೦೦ ಕಾರು. ಚಾಲಕನ ಕಾಲಡಿಯ ಹಾಸನ್ನು ಎತ್ತಿ ನೋಡಿದರೆ, ನೆಲದ ತಗಡನ್ನು ಅಂಗೈಯಗಲ ತುಕ್ಕು ತಿಂದು, ಕೆಳಗಿನ ರಸ್ತೆಯೇ ಕಾಣುತ್ತಿದ್ದಿತು. ಕೊಳೆತ ಭಾಗವನ್ನು ಕತ್ತರಿಸಿ ತೆಗೆದ ಹೊರತು ತೇಪೆ ನಿಲ್ಲುವಂತಿರಲಿಲ್ಲ.

ಕಾರಿನ ಮೈತಗಡಿನ ದಪ್ಪ ಸಾಮಾನ್ಯವಾಗಿ ೦.೭ರಿಂದ ೧ ಮಿಲಿಮೀಟರ್. ಮೆದು ಉಕ್ಕಿನ ಒಂದು ಚದರ ಮಿಲಿಮೀಟರನ್ನು ಕತ್ತರಿಸಲು ಸುಮಾರು ೩೦ ಕಿಲೋಗ್ರಾಂ ತೂಕದಷ್ಟು ಬಲ ಬೇಕು. ಹಾಗಾದರೆ ೦.೮ ಮಿಲಿಮೀಟರ್ ದಪ್ಪದ ತಗಡನ್ನು ೧೦ ಸೆಂಟಿಮೀಟರ್ ಉದ್ದಕ್ಕೆ ಒಂದೇ ಏಟಿಗೆ ಕತ್ತರಿಸಲು ೨,೪೦೦ ಕಿಲೋಗ್ರಾಂ! ಇಷ್ಟಿದ್ದೂ, ಕೆಲವು ನೂರು ರೂಪಾಯಿಗೆ ದೊರೆಯುವ ತಗಡುಕತ್ತರಿ ಇದನ್ನು ಸಾಧಿಸುತ್ತದೆ. ಹೇಗೆಂದರೆ, ಅದರ ಅಲಗುಗಳು ಓರೆಯಾಗಿ ಕೂಡುತ್ತವೆ. ಓರೆ ೧೦ ಡಿಗ್ರಿಯಾದರೆ ಯಾವುದೇ ಕ್ಷಣದಲ್ಲಿ ಅವು ಎದುರಿಸುವುದು ೦.೮ ಮಿಲಿಮೀಟರ್ ಎತ್ತರ, ಸುಮಾರು ೪.೫ ಮಿಲಿಮೀಟರ್ ಬುಡವುಳ್ಳ ಪುಟ್ಟ ತ್ರಿಕೋನವನ್ನು ಮಾತ್ರ. ಅದಕ್ಕೆ ೫೪ ಕಿಲೋಗ್ರಾಂ ಸಾಕು. ಹಿಡಿಯು ತಿರುಗಣೆಯಿಂದ ಅಲಗಿಗಿಂತ ಹತ್ತು ಪಟ್ಟು ದೂರದಲ್ಲಿದ್ದರೆ, ಸನ್ನೆಯ ತತ್ತ್ವದಂತೆ ಕೈಗೆ ಬೀಳುವ ಭಾರ ಐದೂವರೆ ಕಿಲೋಗ್ರಾಂನಷ್ಟೆ. ತಗಡಿನ ದಪ್ಪ ಇಮ್ಮಡಿಯಾದರೆ ತ್ರಿಕೋನದ ಎತ್ತರವೂ ಬುಡವೂ ಇಮ್ಮಡಿಯಾಗಿ ಬಲ ನಾಲ್ಮಡಿಯಾಗುತ್ತದೆ. ಎರಡು ಪದರ ಕೂಡಿದ ಅಂಚಿನಲ್ಲಿ ಕತ್ತರಿ ಥಟ್ಟನೆ ಮೊಂಡು ಹಿಡಿಯುವುದು ಇದರಿಂದಲೇ.

ಮೊದಲ ದಿನ ನಮ್ಮ ಕತ್ತರಿ ತಗಡನ್ನು ಕತ್ತರಿಸದೆ ಮಡಿಸಿಬಿಟ್ಟಿತು. ಉಕ್ಕು ಕೀಳೆಂದು ಬೈದುಕೊಂಡೆವು. ತಪ್ಪು ತಿರುಗಣೆಯ ತಿರುಪಿನದು. ಅದು ಸಡಿಲವಾಗಿ ಅಲಗುಗಳ ನಡುವೆ ತಗಡು ನುಸುಳುವಷ್ಟು ಎಡೆಯಾಗಿತ್ತು. ರಾಜಾಜಿನಗರ ಕೈಗಾರಿಕಾ ವಸಾಹತಿನಲ್ಲಿ ಡೆನ್ಮಾರ್ಕಿನ ನೆರವಿನಿಂದ ೧೯೭೨ರಲ್ಲಿ ಆರಂಭವಾದ ಸರಕಾರಿ ಟೂಲ್ ರೂಂನಂತಹ ಕಡೆ ಅಚ್ಚುಗಳನ್ನು ಮಾಡುವವರಿಗೂ ಇದೇ ಚಿಂತೆ. ತಗಡನ್ನು ಕತ್ತರಿಸುವ ಅಚ್ಚಿನಲ್ಲಿ ಒಂದೊಂದು ಬದಿಗೂ ತಗಡಿನ ದಪ್ಪದ ಶೇಕಡಾ ೫ರಿಂದ ೧೦ರಷ್ಟು ಎಡೆಯನ್ನು ಬಿಡುವುದು ವಾಡಿಕೆ. ನಮ್ಮ ತಗಡಿಗೆ ಅದು ಹೆಚ್ಚುಕಡಮೆ ಒಂದು ತಲೆಗೂದಲಿನ ದಪ್ಪ. ಕತ್ತರಿಯನ್ನು ಕೊಳ್ಳುವಾಗ ಬಣ್ಣಕ್ಕಿಂತ ಈ ಎಡೆಯನ್ನು ಬೆಳಕಿಗೆ ಹಿಡಿದು ನೋಡುವುದು ಲೇಸು. ಬಣ್ಣಕ್ಕೂ ಅರ್ಥವುಂಟೆನ್ನಿ: ಜೋಡಿ ಸನ್ನೆಯ ಕತ್ತರಿಗಳಲ್ಲಿ ಹಳದಿ ಹಿಡಿ ನೇರ ಕತ್ತರಿಕೆಗೆ, ಕೆಂಪು ಎಡಕ್ಕೆ, ಹಸಿರು ಬಲಕ್ಕೆ ತಿರುಗಲು.

ಗರಗಸದ ಕಷ್ಟ ಬೇರೆ. ಅಂಗುಲಕ್ಕೆ ೩೨ ಹಲ್ಲುಗಳ ನಯವಾದ ಹ್ಯಾಕ್ಸಾ ಅಲಗಿನಲ್ಲಿಯೂ ಹಲ್ಲಿನಿಂದ ಹಲ್ಲಿಗೆ ೦.೮ ಮಿಲಿಮೀಟರ್ ದೂರ. ತಗಡನ್ನು ಒಂದೇ ಹಲ್ಲು ಕಚ್ಚಿ ಮುರಿಯುತ್ತದೆ. ಗರಗಸವನ್ನು ಸುಮಾರು ೨೦ ಡಿಗ್ರಿಗೆ ಓರೆ ಮಾಡಿದರೆ ಮೂರು ಹಲ್ಲುಗಳು ಒಟ್ಟಿಗೆ ಕೂಡುತ್ತವೆ. ಉಳಿ, ಸುತ್ತಿಗೆಗಳು ಎಲ್ಲಕ್ಕಿಂತ ಅಗ್ಗವಾದರೂ ಅಂಚನ್ನು ಸೊಟ್ಟ ಮಾಡುತ್ತವೆ. ಡ್ರಿಲ್ಲಿಗೆ ಸಿಕ್ಕಿಸುವ ನಿಬ್ಲರ್ ಅಂಚನ್ನು ಬಾಗಿಸದೆ ಚೂರುಚೂರಾಗಿ ಕಚ್ಚಿ ಸಾಗುತ್ತದೆ. ಆದರೆ ಅದುರಿಸುವ ಅರ್ಧಚಂದ್ರಾಕೃತಿಯ ಚೂರುಗಳು ಬರಿಗಾಲಿಗೆ ಮುಳ್ಳಿಗಿಂತ ಕೆಟ್ಟವು.

ನೆರೆಯ ಮಿತ್ರರೊಬ್ಬರು ತಮ್ಮ ಗ್ರೈಂಡರನ್ನು ಕೊಟ್ಟು, ‘ಐದು ನಿಮಿಷದ ಕೆಲಸ, ಮೇಷ್ಟ್ರೇ’ ಎಂದರು. ನಿಜವೇ. ೧೦೦ ಮಿಲಿಮೀಟರ್ ವ್ಯಾಸದ ಚಕ್ರ ನಿಮಿಷಕ್ಕೆ ೧೧,೦೦೦ ಸುತ್ತು ತಿರುಗಿದರೆ ಅದರ ಅಂಚಿನ ವೇಗ ಗಂಟೆಗೆ ೨೦೦ ಕಿಲೋಮೀಟರಿಗೂ ಮಿಗಿಲು. ಅಲ್ಲಿಂದ ಹಾರುವ ಕಿಡಿಗಳು ಗಾಳಿಯಲ್ಲಿ ಉರಿಯುತ್ತಿರುವ ಕಬ್ಬಿಣದ ಕಣಗಳೇ ಆಗಿವೆ. ವಿದ್ಯುತ್ತಿನ ಪ್ಲಗ್ಗನ್ನು ಸಿಕ್ಕಿಸುವ ಮುನ್ನ ಸುಮ್ಮನೆ ಕಾರಿನ ಕೆಳಗೆ ಬಗ್ಗಿ ನೋಡಿದೆವು. ತುಕ್ಕಿನ ತೂತಿನಿಂದ ನಾಲ್ಕು ಬೆರಳಿನಷ್ಟು ದೂರದಲ್ಲಿ ಪೆಟ್ರೋಲಿನ ಕೊಳವೆ ಹಾದಿತ್ತು! ಎಂಜಿನ್ನು ಮುಂದೆ, ಟ್ಯಾಂಕು ಹಿಂದೆ ಇದ್ದ ಮೇಲೆ ಕೊಳವೆ ನೆಲದಡಿಯಲ್ಲೇ ಹೋಗಬೇಕೆಂಬ ಸಾಮಾನ್ಯ ಜ್ಞಾನ, ಭೌತವಿಜ್ಞಾನವನ್ನು ಬೋಧಿಸುವ ನಮಗೆ ಅದುವರೆಗೆ ಹೊಳೆದಿರಲಿಲ್ಲ. ಗ್ರೈಂಡರನ್ನು ಹಿಂದಿರುಗಿಸಿದೆವು.

ಬ್ಯಾಟರಿಯ ತಂತಿಯನ್ನು ಕಳಚಿ, ಕೊಳವೆಯಿಂದ ದೂರದ ಮೂಲೆಯಲ್ಲಿ ಕೈಡ್ರಿಲ್ಲಿನಿಂದ ಒಂದು ತೂತು ಕೊರೆದು, ಅದನ್ನು ಕತ್ತರಿಯ ಮೂತಿ ಹೊಗುವಷ್ಟು ಅರದಿಂದ ಅಗಲಿಸಿ, ಕೆಂಪು ಹಿಡಿಯ ಕತ್ತರಿಯಿಂದ ಎಡಕ್ಕೆ ಸುತ್ತುತ್ತ ಬಂದೆವು. ಕೊಳವೆಯ ಪಕ್ಕದಲ್ಲಿ ಕತ್ತರಿಯ ತುದಿ ಎಲ್ಲಿದೆಯೆಂದು ಕೆಳಗಿನಿಂದ ನೋಡಿ ಹೇಳಲು ಮನೆಯವರೊಬ್ಬರು ಟಾರ್ಚು ಹಿಡಿದು ಮಲಗಬೇಕಾಯಿತು. ದಪ್ಪ ಚರ್ಮದ ಕೈಗವಸು, ಕನ್ನಡಕಗಳಿದ್ದವು. ಕತ್ತರಿಸಿದ ಅಂಚು ಕ್ಷೌರದ ಕತ್ತಿಯಂತಿತ್ತು. ಬಾಗಿಲಿನ ಕೆಳಗಿನ ಪೆಟ್ಟಿಗೆಯಂತಹ ತೊಲೆಗೂ ಕಂಬಗಳಿಗೂ ಕೈ ಹಚ್ಚಲಿಲ್ಲ. ಅವು ಕಾರಿನ ಬೆನ್ನೆಲುಬು. ಇಂದಿನ ಹಲವು ಕಾರುಗಳಲ್ಲಿ ಆ ಕಂಬಗಳು ಮೆದು ಉಕ್ಕಿಗಿಂತ ನಾಲ್ಕೈದು ಪಟ್ಟು ಬಲವಾದ ಬೋರಾನ್ ಉಕ್ಕಿನವು. ಕೈಕತ್ತರಿ ಅಲ್ಲಿ ಸೋಲುತ್ತದೆ, ಸೋಲಬೇಕಾದುದೂ ಸರಿಯೇ.

ಒಂದೂವರೆ ಗಂಟೆ ಹಿಡಿಯಿತು. ಹೊಳೆಯುವ ಲೋಹ ಸುತ್ತಲೂ ಕಂಡ ಮೇಲೆ ತೂತಿನ ಆಕಾರವನ್ನು ರಟ್ಟಿನ ಮೇಲೆ ಇಳಿಸಿಕೊಂಡು, ಅದೇ ಅಳತೆಗೆ ಹೊಸ ತಗಡನ್ನು ಕತ್ತರಿಸಿ, ಕೊಳವೆಯನ್ನು ಕಳಚಿ ಬೆಸೆಯಬಲ್ಲ ಟಿಂಕರಿಂಗ್ ಅಂಗಡಿಯವರಿಗೆ ಎರಡನ್ನೂ ಒಪ್ಪಿಸಿದೆವು.