ಅಂಕಪಟ್ಟಿಯಾಚೆಯ ಆಟ: ನೆವಿಲ್ ಕಾರ್ಡಸನ ವೃತ್ತಿ

ಹಿಂದಿನ ಸಂಜೆಯೇ ಊರಿಗೆಲ್ಲ ತಿಳಿದುಹೋಗಿರುವ ಆಟದ ಫಲಿತಾಂಶವನ್ನು ಮರುದಿನ ಬೆಳಗ್ಗೆ ಕಾಸು ಕೊಟ್ಟು ಮತ್ತೊಮ್ಮೆ ಓದುವಂತೆ ಜನರನ್ನು ಒಲಿಸಬೇಕಾದರೆ, ವರದಿಗಾರನಾದವನು ಸೋಲುಗೆಲವುಗಳ ಲೆಕ್ಕಕ್ಕಿಂತ ಮಿಗಿಲಾದ ಏನನ್ನಾದರೂ ಕೊಡಲೇಬೇಕಾಗುತ್ತದೆ. ಆ ಮಿಗಿಲಾದುದು ಯಾವುದೆಂಬುದನ್ನು ಇಂಗ್ಲಿಷ್ ಪತ್ರಿಕೋದ್ಯಮಕ್ಕೆ ತೋರಿಸಿಕೊಟ್ಟವರಲ್ಲಿ ಅಗ್ರಗಣ್ಯನೆಂದು ನಾನು ಎಣಿಸುವುದು, ಹತ್ತಿಗಿರಣಿಗಳ ಹೊಗೆಯಿಂದ ಕಪ್ಪಿಟ್ಟ ಮ್ಯಾಂಚೆಸ್ಟರ್ ಮಹಾನಗರದಲ್ಲಿ ಬಾಳಿ ಬರೆದ ನೆವಿಲ್ ಕಾರ್ಡಸನನ್ನು.

1888ರಲ್ಲಿ ಆ ನಗರದ ರಷ್‌ಹೋಮ್ ಭಾಗದಲ್ಲಿ ಹುಟ್ಟಿ, ಅನ್ಯರ ಬಟ್ಟೆ ಒಗೆದು ಹೊಟ್ಟೆ ಹೊರೆಯುತ್ತಿದ್ದ ಅಜ್ಜಿಯ ಮನೆಯಲ್ಲಿ ಬೆಳೆದ ಈ ಬಾಲಕನಿಗೆ ತಂದೆಯ ಆಸರೆ ಇರಲಿಲ್ಲ; ಶಾಲಾಭ್ಯಾಸವಾದರೋ ಹದಿಮೂರರ ಸುಮಾರಿಗೇ ಮುಗಿದುಹೋಯಿತು. ಕಂಡಕಂಡ ಕೆಲಸಗಳನ್ನು ಮಾಡಿ, ಕೊನೆಗೆ ಹಡಗಿನ ಸರಕುಗಳ ವಿಮೆಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿ, ಬಿಡುವು ದೊರೆತಾಗಲೆಲ್ಲ ನಗರದ ಉಚಿತ ಗ್ರಂಥಾಲಯಗಳಲ್ಲಿಯೂ, ಹ್ಯಾಲೆ ವಾದ್ಯವೃಂದದ ಸಭೆಗಳಲ್ಲಿಯೂ, ಓಲ್ಡ್ ಟ್ರಾಫರ್ಡ್ ಕ್ರಿಕೆಟ್ ಮೈದಾನದಲ್ಲಿಯೂ ಈತ ತನ್ನ ವಿದ್ಯೆಯನ್ನು ತಾನೇ ಸಂಪಾದಿಸಿಕೊಂಡನು. ವಿಶ್ವವಿದ್ಯಾನಿಲಯದ ಮೆಟ್ಟಿಲನ್ನು ಹತ್ತದ ಈ ಯುವಕ 1912ರಲ್ಲಿ ಷ್ರೂಸ್‌ಬರಿಯ ಶ್ರೀಮಂತ ಶಾಲೆಗೆ ಕ್ರಿಕೆಟ್ ತರಬೇತುದಾರನ ಸಹಾಯಕನಾಗಿ ಹೋದುದೂ, 1917ರಲ್ಲಿ 'ಮ್ಯಾಂಚೆಸ್ಟರ್ ಗಾರ್ಡಿಯನ್' ಪತ್ರಿಕೆಯನ್ನು ಸೇರಿದುದೂ ಆತನ ಹಠಸಾಧನೆಯ ಫಲ.

ಆ ಪತ್ರಿಕೆಯ ಸಂಪಾದಕನು ಸಿ. ಪಿ. ಸ್ಕಾಟ್. 1872ರಿಂದ 1929ರವರೆಗೆ ಒಂದೇ ಪೀಠದಲ್ಲಿ ಕುಳಿತು, ರಾಜಕೀಯ ಲೇಖನವಾಗಲಿ ನಾಟಕವಿಮರ್ಶೆಯಾಗಲಿ ಭಾಷೆ ಕೆಟ್ಟಿದ್ದರೆ ಸಹಿಸದಿದ್ದ ಕಟ್ಟುನಿಟ್ಟಿನ ಮನುಷ್ಯ. ಪ್ರಾಂತೀಯ ನಗರದ ಪತ್ರಿಕೆಯೊಂದು ಲಂಡನ್ನಿನ ಪತ್ರಿಕೆಗಳಿಗೆ ಸರಿಸಾಟಿಯಾಗಿ ನಿಂತುದು ಇಂಥ ಶಿಸ್ತಿನಿಂದಲೇ. ಕಾರ್ಡಸನು ಕ್ರೀಡಾ ವರದಿಗಾರನಾದುದು ಮಾತ್ರ ಕೇವಲ ಆಕಸ್ಮಿಕ. 1919ರಲ್ಲಿ ಆರೋಗ್ಯ ಕೆಟ್ಟು ಚೇತರಿಸಿಕೊಳ್ಳುತ್ತಿದ್ದಾಗ, ಸುದ್ದಿ ಸಂಪಾದಕ ಕ್ರೋಜಿಯರನು, ಕೆಲವು ದಿನ ಓಲ್ಡ್ ಟ್ರಾಫರ್ಡಿನ ಬಯಲಲ್ಲಿ ಗಾಳಿ ಸೇವಿಸುತ್ತ ಆಟದ ಮೇಲೆ ನಾಲ್ಕು ಸಾಲು ಬರೆಯಬಾರದೇಕೆ ಎಂದು ಸೂಚಿಸಿದನಂತೆ. ನಾಲ್ಕು ಸಾಲು ಎರಡು ದಶಕಗಳ ಕಾಯಕವಾಯಿತು. 'ಕ್ರಿಕೆಟರ್' ಎಂಬ ಅಂಕಿತದ ಹಿಂದಿದ್ದವನು ಯಾರೆಂದು ಮೈದಾನವನ್ನೇ ಕಾಣದ ಜನರೂ ವಿಚಾರಿಸತೊಡಗಿದರು.

ಬೇಸಗೆಯ ಉದ್ದಕ್ಕೂ ಊರಿಂದೂರಿಗೆ ರೈಲಿನಲ್ಲಿ ಅಲೆದು, ಹಗಲೆಲ್ಲ ಪತ್ರಕರ್ತರ ಅಂಕಣದಲ್ಲಿ ಕುಳಿತು ನೋಡಿ, ಆಟ ನಿಂತ ಮೇಲೆ ಕೈಬರಹದಲ್ಲಿ ಬರೆದು, ತಂತಿಯ ಮೂಲಕ ರಾತ್ರಿಯೊಳಗೆ ಕಚೇರಿಗೆ ಮುಟ್ಟಿಸುವುದು ಆ ಕಾಲದ ಕ್ರಿಕೆಟ್ ವರದಿಗಾರನ ದಿನಚರಿ. ಬಾನುಲಿಯ ವೀಕ್ಷಕ ವಿವರಣೆ ಇನ್ನೂ ಬಂದಿರಲಿಲ್ಲ, ದೂರದರ್ಶನವಂತೂ ದೂರದ ಮಾತು. ಓದುಗನ ಕಣ್ಣು ಕಿವಿಗಳೆರಡೂ ವರದಿಗಾರನೇ ಆಗಿದ್ದನು.

ಈ ವೃತ್ತಿಯಲ್ಲಿ ಅದೃಷ್ಟಕ್ಕೂ ಒಂದು ಪಾಲಿದೆಯೆಂಬುದಕ್ಕೆ 1921ರ ಆಗಸ್ಟಿನ ಈಸ್ಟ್‌ಬೋರ್ನ್ ಪಂದ್ಯಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ. ವಾರ್ವಿಕ್ ಆರ್ಮ್‌ಸ್ಟ್ರಾಂಗನ ಆಸ್ಟ್ರೇಲಿಯಾ ತಂಡವು ಆ ಋತುವಿನ ಮೊದಲ ಮೂರು ಟೆಸ್ಟುಗಳನ್ನೂ ಗೆದ್ದು, ಇಂಗ್ಲೆಂಡಿನಲ್ಲಿ ಎಲ್ಲಿಯೂ ಸೋಲದೆ ವಿಜೃಂಭಿಸುತ್ತಿದ್ದಾಗ, ಅದನ್ನು ಸೋಲಿಸಬಲ್ಲ ತಂಡವನ್ನು ನಾನು ಆರಿಸಿಕೊಡುವೆನೆಂದು ಸವಾಲು ಹಾಕಿದವನು ನಲವತ್ತೊಂಬತ್ತು ವರ್ಷದ ಆರ್ಚಿ ಮೆಕ್ಲಾರೆನ್. 1895ರಲ್ಲಿ ಲ್ಯಾಂಕಷೈರಿನ ಪರವಾಗಿ 424 ರನ್ನುಗಳನ್ನು ಬಾರಿಸಿ ಕಾರ್ಡಸನ ಬಾಲ್ಯದ ಆರಾಧ್ಯಮೂರ್ತಿಯಾಗಿದ್ದವನು. ಹವ್ಯಾಸಿಗಳ ಆ ತಂಡ ಮೊದಲ ಸರದಿಯಲ್ಲಿ ಕೇವಲ 43ಕ್ಕೆ ನೆಲಕಚ್ಚಿತು. ಲಂಡನ್ನಿನ ಹೆಸರಾಂತ ವರದಿಗಾರರು ಈ ಪಂದ್ಯದತ್ತ ತಲೆ ಹಾಕಿರಲಿಲ್ಲ. ಬಾಲ್ಯದ ಭಕ್ತಿಯಿಂದ ಬಂದಿದ್ದ ಕಾರ್ಡಸನೂ, ತಾನೇ ಹೇಳಿಕೊಂಡಿರುವಂತೆ, ಗಂಟುಮೂಟೆ ಕಟ್ಟಿ ಹೊರಟಿದ್ದವನು, ಹೋಗುವ ಮುನ್ನ ಒಮ್ಮೆ ಇಣುಕಿ ನೋಡೋಣವೆಂದು ಮೈದಾನಕ್ಕೆ ಬಂದು, ಅಲ್ಲಿಯೇ ನಿಂತುಬಿಟ್ಟನು. ದಕ್ಷಿಣ ಆಫ್ರಿಕದ ಆಬ್ರಿ ಫಾಕ್ನರ್ 153 ರನ್ನು ಮಾಡಿದ. ತಂಡ 326ಕ್ಕೆ ಏರಿತು. ಅಜೇಯರೆನಿಸಿದ್ದವರು 167ಕ್ಕೆ ಕುಸಿದು 28 ರನ್ನುಗಳಿಂದ ಸೋತರು. ಮರುದಿನ ದೇಶವೇ ಓದಬಯಸಿದ ವೃತ್ತಾಂತವನ್ನು ಕಣ್ಣಾರೆ ಕಂಡು ಬರೆದುದು ಮ್ಯಾಂಚೆಸ್ಟರಿನ ಪತ್ರಿಕೆ.

ಆದರೆ ಕಾರ್ಡಸನ ನಿಜವಾದ ಬಂಡವಾಳ ಇಂಥ ವಿಶೇಷ ಸುದ್ದಿಗಳಲ್ಲಿರಲಿಲ್ಲ. ಆಟಗಾರರನ್ನು ಆತ ಕಾದಂಬರಿಯ ಪಾತ್ರಗಳಂತೆ ಕಂಡನು. ಲ್ಯಾಂಕಷೈರಿಗೂ ಯಾರ್ಕ್‌ಷೈರಿಗೂ ನಡೆಯುವ ಪಂದ್ಯವೆಂದರೆ ಎರಡು ಪ್ರಾಂತಗಳ ಸ್ವಭಾವಗಳ ಸಂಘರ್ಷ; ಮೂವತ್ತೈದರ ವಯಸ್ಸಿನಲ್ಲಿ ತಂಡವನ್ನು ಸೇರಿದ ಎಮಟ್ ರಾಬಿನ್ಸನ್, ಒಂದೊಂದು ರನ್ನನ್ನೂ ಗಂಟುಕಟ್ಟಿ ಕಾಯುವ ಯಾರ್ಕ್‌ಷೈರಿನ ಜಿಪುಣತನದ ಮೂರ್ತಿ. ಆ ರಾಬಿನ್ಸನನ ಬಾಯಲ್ಲಿ ಆತ ಆಡದ ಮಾತುಗಳನ್ನು ಕಾರ್ಡಸನು ಇಟ್ಟಿದ್ದುಂಟು. ಅದನ್ನು ಮುಂದೆ ಮರೆಮಾಚಲೂ ಇಲ್ಲ. ಮನುಷ್ಯನ ಸ್ವಭಾವಕ್ಕೆ ಒಪ್ಪುವ ಮಾತು ಅವನು ಆಡದಿದ್ದರೂ ಸತ್ಯವೇ ಎಂಬುದು ಆತನ ಸಮರ್ಥನೆ. ನನಗಿದು ಒಪ್ಪಿಗೆಯಾಗದು. ಕಾದಂಬರಿಕಾರನಿಗೆ ಸಲ್ಲುವ ಸ್ವಾತಂತ್ರ್ಯ, ನಾಳೆಯ ಚರಿತ್ರೆಗೆ ಸಾಕ್ಷಿ ಹೇಳಬೇಕಾದ ವರದಿಗಾರನಿಗೆ ಸಲ್ಲದು. ಆತನ ಹಾದಿಯನ್ನು ಹಿಡಿದ ಅನುಕರಣಕಾರರು ಪ್ರತಿಭೆಯನ್ನು ಬಿಟ್ಟು ಅತಿಶಯೋಕ್ತಿಯನ್ನಷ್ಟೇ ಎತ್ತಿಕೊಂಡುದನ್ನು ಬಹು ಪತ್ರಿಕೆಗಳಲ್ಲಿ ಕಂಡಿದ್ದೇವೆ. ಭಾರತೀಯ ಓದುಗನಿಗೆ ಇನ್ನೊಂದು ಕಿರಿಕಿರಿಯೂ ಇದೆ: ರಣಜಿತ್‌ಸಿಂಹರ ಬ್ಯಾಟನ್ನು ಹೊಗಳುವಾಗಲೆಲ್ಲ ಆತನಿಗೆ ಪೂರ್ವದೇಶದ ಮಾಯಾಮಂತ್ರವೇ ನೆನಪಾಗುತ್ತದೆ, ಆ ಮಣಿಕಟ್ಟಿನ ಹಿಂದಿದ್ದ ಕಠಿನ ಅಭ್ಯಾಸ ಕಾಣುವುದಿಲ್ಲ. ಇಷ್ಟಾದರೂ, ನೂರು ವರ್ಷಗಳ ಹಿಂದಿನ ಆ ಮನುಷ್ಯರು ಇಂದಿಗೂ ನಮ್ಮ ಕಣ್ಣಮುಂದೆ ಓಡಾಡುವುದು ಆತನ ಲೇಖನಿಯ ಬಲದಿಂದಲೇ ಎಂಬುದನ್ನು ಅಲ್ಲಗಳೆಯಲಾಗದು.

1927ರಿಂದ ಅದೇ ಪತ್ರಿಕೆಯ ಪ್ರಧಾನ ಸಂಗೀತ ವಿಮರ್ಶಕನೂ ಆಗಿ, ಬೇಸಗೆಯಲ್ಲಿ ಬ್ಯಾಟಿಗೂ ಚಳಿಗಾಲದಲ್ಲಿ ಪಿಟೀಲಿಗೂ ಒಂದೇ ಲೇಖನಿಯನ್ನು ದುಡಿಸಿದ್ದು ಆತನ ಶೈಲಿಯ ಲಯಕ್ಕೆ ಒಂದು ಕಾರಣವಾಗಿರಬೇಕು. ಯುದ್ಧಕಾಲವನ್ನು ಆಸ್ಟ್ರೇಲಿಯಾದಲ್ಲಿ, ಬಹುಪಾಲು ಸಂಗೀತವನ್ನು ಕುರಿತು ಬರೆಯುತ್ತ ಕಳೆದು, 1947ರಲ್ಲಿ ಆತ್ಮಕಥೆಯನ್ನು ಪ್ರಕಟಿಸಿದನು. ಬಟ್ಟೆ ಒಗೆಯುವವಳ ಮೊಮ್ಮಗನಿಗೆ ಇಳಿವಯಸ್ಸಿನಲ್ಲಿ 'ಸರ್' ಪದವಿಯೂ ದೊರೆಯಿತು. 1975ರ ಫೆಬ್ರವರಿಯಲ್ಲಿ ಆತ ತೀರಿಕೊಂಡನು. ಬೆಂಗಳೂರಿನ ಇತಿಹಾಸಕಾರ ರಾಮಚಂದ್ರ ಗುಹಾ 2001ರಲ್ಲಿ ಸಂಪಾದಿಸಿದ ಕ್ರಿಕೆಟ್ ಬರಹಗಳ ದೊಡ್ಡ ಸಂಕಲನದಲ್ಲಿ ಆತನ ಬರಹಗಳಿಗೂ ಸ್ಥಾನವಿದೆ.

ಕಾರ್ಡಸನನ್ನು ಹೊಸದಾಗಿ ಓದಬಯಸುವವರು 1924ರ 'ಡೇಸ್ ಇನ್ ದಿ ಸನ್' ಎಂಬ ಸಂಗ್ರಹದಿಂದ ಆರಂಭಿಸಬಹುದು; ರನ್ನು ವಿಕೆಟ್ಟುಗಳ ಲೆಕ್ಕ ಬೇಕಾದಲ್ಲಿ ಮಾತ್ರ, ಆಯಾ ವರ್ಷದ ವಿಸ್ಡನ್ ಕ್ರಿಕೆಟ್ ವಾರ್ಷಿಕವನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳುವುದು ಲೇಸು.