ಎಣ್ಣೆಗೈ ಮತ್ತು ಪ್ರಾಣವಾಯು

ಎಡದಂಡೆ ಕಾಲುವೆಯ ಕೃಪೆಯಿಂದ ಭತ್ತದ ಕಣಜವೆನಿಸಿದ ಸಿಂಧನೂರಿನಲ್ಲಾಗಲಿ, ಹಟ್ಟಿಯ ಚಿನ್ನದ ಗಣಿಯನ್ನು ಮಡಿಲಲ್ಲಿರಿಸಿಕೊಂಡ ಲಿಂಗಸೂಗೂರಿನಲ್ಲಾಗಲಿ, ಅಶೋಕನ ಶಾಸನದಿಂದ ಖ್ಯಾತವಾದ ಮಸ್ಕಿಯಲ್ಲಾಗಲಿ, ಗ್ಯಾಸ್ ವೆಲ್ಡಿಂಗ್ ಅಂಗಡಿಯ ಮುಂದೆ ನಿಂತಿರುವ ಕಪ್ಪು ಸಿಲಿಂಡರನ್ನು ಕಾಣದವರಾರು? ಅದರೊಳಗಿರುವುದು ಆಮ್ಲಜನಕ, ತಾನು ಉರಿಯದು, ಉರಿಯುವುದನ್ನು ಉಗ್ರಗೊಳಿಸುವುದು.

ಗಾಳಿಯಲ್ಲಿ ಶೇಕಡ 21ರಷ್ಟು ಮಾತ್ರವಿರುವ ಈ ಅನಿಲವನ್ನು ವಾಯುಭಾರದ ಸುಮಾರು 150 ಪಟ್ಟು ಒತ್ತಡದಲ್ಲಿ ತುಂಬಿರುವುದರಿಂದ, ವಾಲ್ವನ್ನು ಥಟ್ಟನೆ ತಿರುಗಿಸಿದೊಡನೆ ಅದು ರೆಗ್ಯುಲೇಟರಿನ ಇಕ್ಕಟ್ಟಿಗೆ ನುಗ್ಗಿ, ಕ್ಷಣಾರ್ಧದಲ್ಲಿ ಸಂಕುಚಿತಗೊಂಡು, ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವ ನ್ಯಾಯದಿಂದಲೇ ನೂರಾರು ಡಿಗ್ರಿ ಶಾಖವನ್ನು ಹುಟ್ಟಿಸಬಲ್ಲುದು. ಅಲ್ಲೊಂದು ಹನಿ ಗ್ರೀಸಿದ್ದರೆ ಕಿಡಿಯ ಅಪೇಕ್ಷೆಯೇ ಇಲ್ಲದೆ ಜ್ವಾಲೆ ಏಳುವುದು. ಆಗ ಉಕ್ಕೂ ಸೌದೆಯಂತೆ ಉರಿಯುವುದು.

ಕಡಲಿನಲ್ಲಿ ಮುಳುಗುವ ಸ್ಕೂಬಾದವರು, ಶೇಕಡ 40ನ್ನು ಮೀರಿದ ಆಮ್ಲಜನಕದ ಮಿಶ್ರಣವನ್ನು ಬಳಸುವುದಾದರೆ, ಸಲಕರಣೆಯನ್ನೆಲ್ಲ ಬಿಚ್ಚಿ, ಮಾರ್ಜಕದಲ್ಲಿ ತೊಳೆದು, ಸಾಮಾನ್ಯ ಸಿಲಿಕೋನ್ ಗ್ರೀಸನ್ನೂ ಉಳಿಸದೆ ತೆಗೆದು, ಆಮ್ಲಜನಕಕ್ಕೆ ಯೋಗ್ಯವಾದ ಉಂಗುರಗಳನ್ನೇ ತೊಡಿಸುವರು. ನೆಲದ ಮೇಲಿನ ನಮಗೋ, ಬಿಗಿಯಾದುದಕ್ಕೆಲ್ಲ ಎರಡು ತೊಟ್ಟು ಎಣ್ಣೆಯೇ ಮದ್ದೆಂಬ ಹಳೆಯ ನಂಬಿಕೆ! ಬಂಡಿಯ ಅಚ್ಚಿಗೆ ಹಿತವಾದ ಕೀಲೆಣ್ಣೆ ಈ ವಾಲ್ವಿಗೆ ಮಾರಕ.

ಕೈತೊಳೆದು, ಪಕ್ಕಕ್ಕೆ ಸರಿದು ನಿಂತು, ಮೆಲ್ಲಗೆ ತಿರುಗಿಸಿರಿ. ಇನ್ನೊಂದು ಮಾತು: ಸೆಕೆಯೆಂದು ಈ ಅನಿಲವನ್ನು ಮೈಗೆ ಬೀಸಿಕೊಳ್ಳಬೇಡಿರಿ, ಅಂಗಿಯ ನೂಲಿನೊಳಗೆ ಅದು ಕೆಲಹೊತ್ತು ತಂಗಿರುವುದು, ಬೀಡಿಯ ಕಿಡಿಯೊಂದು ಸಾಕು.