ಮೆಣಸಿನಕಾಯಿ ಹೂವಿನ ಕಪ್ಪು ನುಸಿ ಮತ್ತು ಡಿಎನ್‌ಎ ಬಾರ್‌ಕೋಡ್

ರಾಯಚೂರು: ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಎಡೆದೊರೆ ಸೀಮೆಯಲ್ಲಿ ಭತ್ತ, ಹತ್ತಿ, ತೊಗರಿಗಳ ಜೊತೆಗೆ ಮೆಣಸಿನಕಾಯಿಯೂ ರೈತರ ಕೈಗೆ ನಗದು ತರುವ ಬೆಳೆಯಾಗಿದೆ. ರಾಯಚೂರು, ದೇವದುರ್ಗ ಮತ್ತು ಮಾನ್ವಿ ತಾಲ್ಲೂಕುಗಳ ಒಣ ಮೆಣಸಿನಕಾಯಿ ದೂರದ ಬ್ಯಾಡಗಿ ಮಾರುಕಟ್ಟೆಯವರೆಗೂ ಹೋಗುತ್ತದೆ. 2021-22ರ ಹಂಗಾಮಿನಲ್ಲಿ ಈ ಬೆಳೆ ಹೂ ಬಿಡುವ ಹೊತ್ತಿಗೆ ವಿಪತ್ತು ಎದುರಾಯಿತು. ಸುಮಾರು ಒಂದು ಮಿಲಿಮೀಟರ್ ಉದ್ದದ ಕಪ್ಪು ಕೀಟಗಳು ಹೂವಿನೊಳಗೆ ಗುಂಪುಗುಂಪಾಗಿ ಸೇರಿಕೊಂಡವು. ಹೂಗಳು ಒಣಗಿ ಉದುರಿದವು, ಕಾಯಿ ಕಟ್ಟಲಿಲ್ಲ. ಆಂಧ್ರಪ್ರದೇಶದ ಗುಂಟೂರು ಹಾಗೂ ತೆಲಂಗಾಣದ ಖಮ್ಮಂ ಸೀಮೆಯಲ್ಲಿಯೂ ಅದೇ ಸ್ಥಿತಿ ಇತ್ತು.

ರೈತರು ಎಂದಿನಂತೆ ಔಷಧಿ ಅಂಗಡಿಗೆ ಹೋದರು. ನುಸಿಗೆಂದು ಕೊಟ್ಟ ಔಷಧಿಯನ್ನು ಮತ್ತೆ ಮತ್ತೆ ಸಿಂಪಡಿಸಿದರು. ಹಲವು ಹೊಲಗಳಲ್ಲಿ ಕೀಟ ಬಗ್ಗಲಿಲ್ಲ. ಏಕೆಂದರೆ ಅದು ಇಲ್ಲಿನ ಹಳೆಯ ನುಸಿಯಾಗಿರಲಿಲ್ಲ. ಕಣ್ಣಿಗೆ ಒಂದೇ ಎಂಬಂತೆ ಕಾಣುವ ಕೀಟಗಳಲ್ಲಿ ಯಾವುದು ಯಾವುದೆಂದು ನಿಶ್ಚಯಿಸುವ ವಿಧಾನಗಳಲ್ಲಿ ಪ್ರಮುಖವಾದುದು ಡಿಎನ್‌ಎ ಬಾರ್‌ಕೋಡಿಂಗ್. ಈ ವಿಧಾನ ಏನು, ಅದರಿಂದ ಏನು ಸಾಧ್ಯ, ಏನು ಅಸಾಧ್ಯ ಎಂಬುದನ್ನು ತಿಳಿಯಲು ಮೆಣಸಿನಕಾಯಿ ಹೂವಿನ ಈ ಕೀಟಕ್ಕಿಂತ ಹತ್ತಿರದ ಉದಾಹರಣೆ ಜಿಲ್ಲೆಯ ಓದುಗರಿಗೆ ಬೇರೊಂದಿಲ್ಲ.

ಎರಡು ನುಸಿ, ಎರಡು ನಡತೆ

ಮೆಣಸಿನಕಾಯಿ ಬೆಳೆಗಾರರಿಗೆ ಬಹುಕಾಲದಿಂದ ಪರಿಚಿತವಾದ ಥ್ರಿಪ್ಸ್ ನುಸಿಯ ಶಾಸ್ತ್ರೀಯ ಹೆಸರು ಸ್ಕಿರ್ಟೋಥ್ರಿಪ್ಸ್ ಡಾರ್ಸಾಲಿಸ್. ಇದು ತಿಳಿ ಹಳದಿ ಬಣ್ಣದ್ದು. ಚಿಗುರೆಲೆಯ ರಸವನ್ನು ಹೀರುತ್ತದೆ. ಎಲೆಗಳು ಮೇಲ್ಮುಖವಾಗಿ ದೋಣಿಯಂತೆ ಮುದುಡುತ್ತವೆ. ಹೊಸದಾಗಿ ಬಂದ ಕೀಟ ಥ್ರಿಪ್ಸ್ ಪಾರ್ವಿಸ್ಪೈನಸ್. ಇದರ ಮೂಲ ಆಗ್ನೇಯ ಏಷ್ಯಾ. ಹೆಣ್ಣು ಕೀಟದ ತಲೆ ಮತ್ತು ಎದೆ ಕಂದು, ಹೊಟ್ಟೆಯ ಭಾಗ ಕಪ್ಪು ಮಿಶ್ರಿತ ಕಂದು. ಇದು ಎಲೆಯ ಕೆಳಭಾಗವನ್ನು ಕೆರೆದು ರಸ ಹೀರುವುದಲ್ಲದೆ ಹೂವಿನೊಳಗೆ ಸೇರಿ ದಳಗಳನ್ನೂ ಕೆರೆಯುತ್ತದೆ. ಹೂವೇ ಹೋದ ಮೇಲೆ ಕಾಯಿಯ ಮಾತೆಲ್ಲಿ?

ಹೆಣ್ಣು ಕೀಟ ಕಪ್ಪಾಗಿರುವುದರಿಂದ ಗುರುತಿಸುವುದು ಸುಲಭವೆಂದು ತೋರಬಹುದು. ಆದರೆ ಇದರ ಗಂಡು ಕೀಟ ಹಳದಿ, ಮರಿಗಳೂ ಹಳದಿ. ಬರಿಗಣ್ಣಿಗೆ ಅವು ಹಳೆಯ ನುಸಿಯಂತೆಯೇ ಕಾಣುತ್ತವೆ. ಇನ್ನೊಂದೆಡೆ, ಹೂವಿನಲ್ಲಿ ವಾಸಿಸುವ ಕಪ್ಪು ಬಣ್ಣದ ಬೇರೆ ಥ್ರಿಪ್ಸ್ ಪ್ರಭೇದಗಳೂ ಇವೆ. ಥ್ರಿಪ್ಸ್‌ಗಳನ್ನು ಶಾಸ್ತ್ರೋಕ್ತವಾಗಿ ಗುರುತಿಸಬೇಕಾದರೆ ಪ್ರೌಢ ಕೀಟವನ್ನು ಗಾಜಿನ ಪಟ್ಟಿಯ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ಮೀಸೆಯ ಗೆಣ್ಣುಗಳು, ರೆಕ್ಕೆಯ ಮೇಲಿನ ರೋಮಗಳು ಮುಂತಾದವನ್ನು ಪರೀಕ್ಷಿಸಬೇಕು. ಈ ಕೆಲಸ ಬಲ್ಲ ತಜ್ಞರು ದೇಶದಲ್ಲಿ ಬೆರಳೆಣಿಕೆಯಷ್ಟು. ಮರಿಗಳ ವಿಷಯದಲ್ಲಂತೂ ಅವರಿಗೂ ಕಷ್ಟವೇ.

ಏನಿದು ಬಾರ್‌ಕೋಡ್?

ಅಂಗಡಿಯಲ್ಲಿ ಮಾರುವ ಸೋಪಿನ ಪೊಟ್ಟಣದ ಮೇಲೆ ಕಪ್ಪು ಬಿಳುಪು ಗೆರೆಗಳ ಪಟ್ಟಿ ಇರುತ್ತದೆ. ಯಂತ್ರ ಆ ಗೆರೆಗಳನ್ನು ಓದಿ ಅದು ಯಾವ ಸರಕು ಎಂದು ಹೇಳುತ್ತದೆ. ಜೀವಿಗಳ ದೇಹದಲ್ಲಿಯೂ ಇಂತಹ ಒಂದು ಗುರುತಿನ ಪಟ್ಟಿಯನ್ನು ಹುಡುಕಬಹುದೆಂದು 2003ರಲ್ಲಿ ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಪಾಲ್ ಹೆಬರ್ಟ್ ಮತ್ತು ಸಂಗಡಿಗರು ಪ್ರತಿಪಾದಿಸಿದರು.

ಪ್ರತಿಯೊಂದು ಜೀವಕೋಶದಲ್ಲಿಯೂ ಡಿಎನ್‌ಎ ಇರುತ್ತದೆ. ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳಲ್ಲಿ ಬರೆದ ಉದ್ದನೆಯ ಬರಹವೆಂದು ಅದನ್ನು ಭಾವಿಸಬಹುದು. ಇಡೀ ಬರಹವನ್ನು ಓದುವ ಅಗತ್ಯವಿಲ್ಲ. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದೊಳಗೆ ಸಿಒಐ ಎಂಬ ಜೀನ್ ಇದೆ. ಉಸಿರಾಟದ ರಾಸಾಯನಿಕ ಕ್ರಿಯೆಗೆ ಬೇಕಾದ ಪ್ರೋಟೀನು ತಯಾರಿಸುವುದು ಅದರ ಕೆಲಸ. ಈ ಜೀನಿನ ಸುಮಾರು 650 ಅಕ್ಷರಗಳ ತುಂಡನ್ನು ಪ್ರಾಣಿಗಳ ಬಾರ್‌ಕೋಡ್ ಎಂದು ಆಯ್ದುಕೊಳ್ಳಲಾಗಿದೆ.

ಈ ತುಂಡೇ ಏಕೆ? ಒಂದೇ ಪ್ರಭೇದದ ಜೀವಿಗಳಲ್ಲಿ ಇದು ಸಾಮಾನ್ಯವಾಗಿ ಒಂದೇ ರೀತಿ ಇರುತ್ತದೆ. ಬೇರೆ ಪ್ರಭೇದಗಳಲ್ಲಿ ಎದ್ದು ಕಾಣುವಷ್ಟು ಭಿನ್ನವಾಗಿರುತ್ತದೆ. ಹೆಬರ್ಟ್ ತಂಡ ತನ್ನ ಮೊದಲ ಪ್ರಬಂಧದಲ್ಲಿ ಹತ್ತಿರದ ಸಂಬಂಧವುಳ್ಳ 200 ಪತಂಗ ಪ್ರಭೇದಗಳನ್ನು ಪರೀಕ್ಷಿಸಿ, ಬಳಿಕ ತಂದ ಮಾದರಿಗಳನ್ನೆಲ್ಲ ಈ ತುಂಡಿನಿಂದಲೇ ಸರಿಯಾಗಿ ಗುರುತಿಸಿತು. ಸಸ್ಯಗಳಲ್ಲಿ ಈ ಜೀನು ತೀರ ನಿಧಾನವಾಗಿ ಬದಲಾಗುವುದರಿಂದ ಅಲ್ಲಿ ಉಪಯೋಗಕ್ಕೆ ಬಾರದು. ಆದ್ದರಿಂದ 2009ರಲ್ಲಿ ಸಸ್ಯಗಳಿಗೆಂದು ಹರಿತ್ತಿನ ಕಣಗಳಲ್ಲಿರುವ ಎರಡು ಜೀನುಗಳನ್ನು ಆಯ್ದುಕೊಳ್ಳಲಾಯಿತು. ಶಿಲೀಂಧ್ರಗಳಿಗೆ ಮತ್ತೊಂದು ತುಂಡನ್ನು 2012ರಲ್ಲಿ ಗೊತ್ತುಪಡಿಸಲಾಯಿತು.

ಪ್ರಯೋಗಾಲಯದಲ್ಲಿ ನಡೆಯುವುದೇನು?

ದೊಡ್ಡ ಕೀಟವಾದರೆ ಒಂದು ಕಾಲು ಸಾಕು. ಥ್ರಿಪ್ಸ್‌ನಂತಹ ಅತಿ ಚಿಕ್ಕ ಕೀಟವಾದರೆ ಇಡೀ ದೇಹವನ್ನೇ ದ್ರಾವಣದಲ್ಲಿ ನೆನೆಸಿ ಡಿಎನ್‌ಎ ಹೊರತೆಗೆಯಲಾಗುತ್ತದೆ. ಜಾಣ್ಮೆಯಿಂದ ಮಾಡಿದರೆ ಕೀಟದ ಹೊರಚರ್ಮ ಹಾಳಾಗದೆ ಉಳಿಯುತ್ತದೆ. ಅದನ್ನು ಗಾಜಿನ ಪಟ್ಟಿಯ ಮೇಲೆ ಶಾಶ್ವತವಾಗಿ ಕಾದಿರಿಸಬಹುದು. ಮುಂದೆ ಯಾರಿಗಾದರೂ ಸಂಶಯ ಬಂದರೆ ಆ ಮಾದರಿಯನ್ನು ತೆಗೆದು ನೋಡಬಹುದೆಂಬುದು ಇದರ ಉದ್ದೇಶ.

ಅನಂತರ ಪಿಸಿಆರ್ ಯಂತ್ರದಲ್ಲಿ ಬೇಕಾದ ತುಂಡನ್ನು ಮಾತ್ರ ಲಕ್ಷಾಂತರ ಪ್ರತಿಗಳಾಗಿ ಹೆಚ್ಚಿಸುತ್ತಾರೆ. ಕೊರೊನಾ ಕಾಲದಲ್ಲಿ ಮನೆಮಾತಾದ ಆರ್‌ಟಿಪಿಸಿಆರ್ ಪರೀಕ್ಷೆಯೂ ಇದೇ ತತ್ತ್ವವನ್ನು ಆಧರಿಸಿದೆ. ಆ ಬಳಿಕ ಅಕ್ಷರಗಳ ಸರಣಿಯನ್ನು ಓದಿ, ಬೋಲ್ಡ್, ಜೀನ್‌ಬ್ಯಾಂಕ್ ಮುಂತಾದ ಅಂತರರಾಷ್ಟ್ರೀಯ ದತ್ತಸಂಗ್ರಹಗಳಲ್ಲಿರುವ ಸರಣಿಗಳೊಡನೆ ಹೋಲಿಸಲಾಗುತ್ತದೆ. ಹೊಂದಿಕೆಯಾದರೆ ಹೆಸರು ಸಿಕ್ಕಂತೆ. ಮೊಟ್ಟೆ, ಮರಿ, ಕೋಶ, ಪ್ರೌಢ ಕೀಟ ಯಾವುದೇ ಇರಲಿ, ಸತ್ತ ಕೀಟದ ತುಂಡೇ ಇರಲಿ, ಡಿಎನ್‌ಎ ಒಂದೇ ಆಗಿರುತ್ತದೆ. ಈ ವಿಧಾನದ ದೊಡ್ಡ ಲಾಭ ಇದೇ.

2015ರಲ್ಲೇ ದಾಖಲಾಗಿದ್ದ ಹೆಸರು

ಮೆಣಸಿನಕಾಯಿಯ ಹೊಸ ನುಸಿಯ ಕಥೆಯಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಈ ಕೀಟ ಭಾರತಕ್ಕೆ ಬಂದುದು 2021ರಲ್ಲಿ ಅಲ್ಲ. 2015ರಲ್ಲಿಯೇ ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣಾ ಸಂಸ್ಥೆಯ ವಿಜ್ಞಾನಿಗಳು ಬೆಂಗಳೂರಿನ ಪಪ್ಪಾಯಿ ಗಿಡಗಳಲ್ಲಿ ಇದನ್ನು ಗುರುತಿಸಿದ್ದರು. ದೇಹರಚನೆಯ ಲಕ್ಷಣಗಳ ಜೊತೆಗೆ ಡಿಎನ್‌ಎ ಬಾರ್‌ಕೋಡನ್ನೂ ಆಧಾರವಾಗಿಟ್ಟು, ದೇಶಕ್ಕೆ ಹೊಸದಾಗಿ ನುಗ್ಗಿದ ಕೀಟವೆಂದು ಪ್ರಕಟಿಸಿದ್ದರು. ಆರು ವರ್ಷಗಳ ಬಳಿಕ ಅದೇ ಕೀಟ ಮೆಣಸಿನಕಾಯಿ ಹೊಲಗಳಲ್ಲಿ ಹಾವಳಿಯೆಬ್ಬಿಸಿತು. ಆಗ ವಿಜ್ಞಾನಿಗಳಿಗೆ ಹೋಲಿಸಿ ನೋಡಲು ಹಳೆಯ ದಾಖಲೆ ಸಿದ್ಧವಾಗಿತ್ತು. ಹೆಸರು ಬೇಗನೆ ನಿಶ್ಚಯವಾಯಿತು.

ಆದರೆ ದಾಖಲೆ ಸಿದ್ಧವಿದ್ದರೂ ಎಚ್ಚರಿಕೆ ಹೊಲದವರೆಗೆ ಮೊದಲೇ ಮುಟ್ಟಿರಲಿಲ್ಲ. ಬೆಂಗಳೂರಿನ ಪಪ್ಪಾಯಿಯ ಮೇಲೆ ಕಂಡ ಕೀಟ ನಾಳೆ ದೇವದುರ್ಗದ ಮೆಣಸಿನಕಾಯಿಗೂ ಬರಬಹುದೆಂದು ಇಲ್ಲಿನ ಬೆಳೆಗಾರರಿಗೆ ಹೇಳುವ ವ್ಯವಸ್ಥೆ ಗಟ್ಟಿಯಾಗಿರಲಿಲ್ಲ. ಆಗ್ನೇಯ ಏಷ್ಯಾದಲ್ಲಿ ಇದು ಮೆಣಸಿನಕಾಯಿಯ ಪೀಡೆಯೆಂಬುದು ವಿಜ್ಞಾನಿಗಳಿಗೆ ಮೊದಲೇ ಗೊತ್ತಿತ್ತು. ಹೆಸರು ಪತ್ತೆಯಾಗುವುದಕ್ಕೂ ಆ ಹೆಸರು ರೈತನ ಕಿವಿಗೆ ಬೀಳುವುದಕ್ಕೂ ನಡುವಿನ ಅಂತರವನ್ನು ಯಾವ ಯಂತ್ರವೂ ತಾನಾಗಿ ತುಂಬಲಾರದು.

ಬಿಳಿನೊಣ, ಸೈನಿಕ ಹುಳು

ರಾಜ್ಯದಲ್ಲಿ ಇಂತಹ ಪ್ರಸಂಗ ಇದೇ ಮೊದಲಲ್ಲ. 1999ರಲ್ಲಿ ಕೋಲಾರ ಜಿಲ್ಲೆಯ ಟೊಮೆಟೊ ಹೊಲಗಳಲ್ಲಿ ಎಲೆ ಮುದುಡುವ ನಂಜುರೋಗ ವಿಪರೀತವಾಗಿ ಹರಡಿತು. ಬಿಳಿನೊಣಗಳನ್ನು ಪರೀಕ್ಷಿಸಿದಾಗ ಅವುಗಳಲ್ಲಿ ಜಗತ್ತಿನಾದ್ಯಂತ ಕುಖ್ಯಾತವಾದ ಬಿ ಮಾದರಿಯ ಬಿಳಿನೊಣವೂ ಇತ್ತು. ಅದು ಭಾರತದಲ್ಲಿ ಕಂಡುಬಂದುದು ಅದೇ ಮೊದಲು. ಹೊರನೋಟಕ್ಕೆ ಸ್ಥಳೀಯ ಬಿಳಿನೊಣಕ್ಕೂ ಇದಕ್ಕೂ ವ್ಯತ್ಯಾಸ ಕಾಣದು. ಡಿಎನ್‌ಎ ಮಾತ್ರ ಬೇರೆ. ಬೆಮಿಸಿಯಾ ಟಬಾಸಿ ಎಂಬ ಒಂದೇ ಹೆಸರಿನಡಿ ಹಲವು ಪ್ರಭೇದಗಳು ಅಡಗಿವೆ ಎಂಬುದನ್ನು ವಿಜ್ಞಾನಿಗಳು ಈಗ ಒಪ್ಪುತ್ತಾರೆ. ಹತ್ತಿ ಬೆಳೆಯುವ ರಾಯಚೂರು, ಮಾನ್ವಿ ಭಾಗಕ್ಕೆ ಇದು ದೂರದ ವಿಷಯವಲ್ಲ, ಬಿಳಿನೊಣ ಹತ್ತಿಯ ರಸ ಹೀರುವ ಕೀಟಗಳಲ್ಲಿ ಒಂದು.

2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮೆಕ್ಕೆಜೋಳದಲ್ಲಿ ಅಮೆರಿಕ ಮೂಲದ ಫಾಲ್ ಸೈನಿಕ ಹುಳು ದೇಶದಲ್ಲೇ ಮೊದಲ ಬಾರಿಗೆ ಪತ್ತೆಯಾದಾಗಲೂ ದೇಹರಚನೆಯ ಜೊತೆಗೆ ಡಿಎನ್‌ಎ ಪರೀಕ್ಷೆಯಿಂದ ಅದನ್ನು ದೃಢಪಡಿಸಲಾಯಿತು. ಜುಲೈ ಕೊನೆಯ ಹೊತ್ತಿಗೆ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ದೇಶಕ್ಕೆ ಎಚ್ಚರಿಕೆ ಹೊರಡಿಸಿತು. ಪತ್ತೆಯಿಂದ ಎಚ್ಚರಿಕೆಯವರೆಗೆ ಎರಡರಿಂದ ಮೂರು ತಿಂಗಳು ಹಿಡಿದವು.

ಕೀಟಗಳಾಚೆಗೂ ಈ ವಿಧಾನ ಬಳಕೆಯಲ್ಲಿದೆ. ನೆಲನೆಲ್ಲಿಯಂತಹ ಔಷಧೀಯ ಸಸ್ಯಗಳನ್ನು ಒಣಗಿಸಿ ಪುಡಿ ಮಾಡಿದ ಮೇಲೆ ಅದರಲ್ಲಿ ಬೇರೆ ಗಿಡ ಬೆರೆತಿದೆಯೇ ಎಂದು ಕಣ್ಣಿನಿಂದ ಹೇಳುವುದು ಅಸಾಧ್ಯ. ಬಾರ್‌ಕೋಡ್ ಅದನ್ನು ಹೇಳಬಲ್ಲದು.

ಮಿತಿಗಳೂ ಉಂಟು

ಬಾರ್‌ಕೋಡ್ ಸರ್ವಜ್ಞವಲ್ಲ. ದತ್ತಸಂಗ್ರಹದಲ್ಲಿ ಹೋಲಿಕೆಯ ಸರಣಿ ಇಲ್ಲದಿದ್ದರೆ ಅದು ಮೂಕ. ಸಂಗ್ರಹಕ್ಕೆ ಯಾರೋ ತಪ್ಪು ಹೆಸರಿನಲ್ಲಿ ಸರಣಿಯನ್ನು ಸೇರಿಸಿದ್ದರೆ ಆ ತಪ್ಪು ಮುಂದಿನವರಿಗೂ ಅಂಟಿಕೊಳ್ಳುತ್ತದೆ. ಇತ್ತೀಚೆಗಷ್ಟೇ ಬೇರ್ಪಟ್ಟ ಪ್ರಭೇದಗಳನ್ನೂ ಪರಸ್ಪರ ಸಂಕರಗೊಳ್ಳುವ ಪ್ರಭೇದಗಳನ್ನೂ ಈ ಒಂದು ತುಂಡಿನಿಂದ ಬೇರ್ಪಡಿಸಲಾಗದು. ಮೈಟೊಕಾಂಡ್ರಿಯ ತಾಯಿಯಿಂದ ಮಾತ್ರ ಬರುವುದರಿಂದ ತಂದೆಯ ಕಡೆಯ ವಿಷಯವನ್ನು ಅದು ಹೇಳುವುದಿಲ್ಲ. ಹಳೆಯ ಹಳದಿ ನುಸಿಯ ಹೆಸರಿನಡಿಯಲ್ಲಿಯೇ ಒಂದಕ್ಕಿಂತ ಹೆಚ್ಚು ಪ್ರಭೇದಗಳಿವೆ ಎಂದು ಡಿಎನ್‌ಎ ಅಧ್ಯಯನಗಳು ತೋರಿಸಿವೆ. ಹೀಗೆ ಬೇರ್ಪಟ್ಟವನ್ನು ವಿವರಿಸಿ, ವರ್ಗೀಕರಿಸಿ, ಹೆಸರಿಡಬೇಕಾದವರು ಮತ್ತೆ ಸೂಕ್ಷ್ಮದರ್ಶಕದ ಮುಂದೆ ಕುಳಿತ ವರ್ಗೀಕರಣ ತಜ್ಞರೇ.

ಮುಖ್ಯವಾದ ಮತ್ತೊಂದು ಮಾತೆಂದರೆ, ಬಾರ್‌ಕೋಡ್ ಕೀಟದ ಹೆಸರನ್ನು ಹೇಳುತ್ತದೆಯೇ ಹೊರತು ಔಷಧಿಯ ಹೆಸರನ್ನಲ್ಲ. ಕೀಟ ಯಾವ ಔಷಧಿಗೆ ನಿರೋಧ ಬೆಳೆಸಿಕೊಂಡಿದೆ ಎಂಬುದಕ್ಕೆ ಬೇರೆಯೇ ಪರೀಕ್ಷೆ ಬೇಕು. ಆದರೂ ಹೆಸರು ತಿಳಿದರೆ ಅದರ ನಡತೆ ತಿಳಿಯುತ್ತದೆ. ಈ ನುಸಿ ಹೂವಿನೊಳಗೆ ಅಡಗುತ್ತದೆ, ಮಣ್ಣಿನಲ್ಲಿ ಕೋಶಾವಸ್ಥೆ ಕಳೆಯುತ್ತದೆ, ಹಲವು ಬೆಳೆಗಳ ಮೇಲೆ ಬದುಕುತ್ತದೆ. ಎಲೆಯ ಮೇಲೆ ಮಾತ್ರ ಸಿಂಪಡಿಸಿದರೆ ಸಾಲದು ಏಕೆ, ಒಬ್ಬರ ಹೊಲದಲ್ಲಿ ಹತೋಟಿಯಾದರೂ ಪಕ್ಕದ ಹೊಲದಿಂದ ಮತ್ತೆ ಬರುವುದೇಕೆ ಎಂಬುದು ಇದರಿಂದ ಅರ್ಥವಾಗುತ್ತದೆ. ನೀಲಿ ಅಂಟು ಬಲೆಗಳು, ಬೇವಿನ ಉತ್ಪನ್ನಗಳು, ಕೀಟಗಳಿಗೆ ರೋಗ ತರುವ ಶಿಲೀಂಧ್ರಗಳು, ಮಿತವಾದ ಔಷಧಿ ಬಳಕೆ ಇವನ್ನೆಲ್ಲ ಒಟ್ಟುಗೂಡಿಸಿ ಅನುಸರಿಸಬೇಕೆಂದು ತಜ್ಞರು ಹೇಳುವುದು ಈ ಕಾರಣದಿಂದಲೇ.

ಆಗಬೇಕಾದುದು

ರಾಯಚೂರಿನಲ್ಲಿ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ, ಕೃಷಿ ವಿಜ್ಞಾನ ಕೇಂದ್ರವಿದೆ. ಹೋಬಳಿಗಳಲ್ಲಿ ರೈತ ಸಂಪರ್ಕ ಕೇಂದ್ರಗಳಿವೆ. ಅಪರಿಚಿತ ಕೀಟ ಕಂಡೊಡನೆ ಔಷಧಿ ಅಂಗಡಿಗೆ ಹೋಗುವ ಮೊದಲು ಮಾದರಿಯನ್ನು ತಜ್ಞರಿಗೆ ತಲುಪಿಸುವುದು ರೈತರ ಹಿತಕ್ಕೆ ಒಳ್ಳೆಯದು. ಬಿಳಿ ಹಾಳೆಯ ಮೇಲೆ ಹೂವನ್ನು ಮೆಲ್ಲನೆ ತಟ್ಟಿದರೆ ನುಸಿಗಳು ಉದುರುತ್ತವೆ. ಅವನ್ನು ಸಣ್ಣ ಕುಂಚದಿಂದ ಎತ್ತಿ ಶುದ್ಧ ಆಲ್ಕೋಹಾಲ್ ಇರುವ ಶೀಶೆಯಲ್ಲಿ ಹಾಕಿ, ಊರು, ಬೆಳೆ ಮತ್ತು ದಿನಾಂಕ ಬರೆದು ಕೊಟ್ಟರೆ ದೇಹರಚನೆಯ ಪರೀಕ್ಷೆಗೂ ಡಿಎನ್‌ಎ ಪರೀಕ್ಷೆಗೂ ಅನುಕೂಲ. ಒಣಗಿ ಮುದುಡಿದ ಎಲೆಗಳನ್ನು ಮಾತ್ರ ಪ್ಲಾಸ್ಟಿಕ್ ಚೀಲದಲ್ಲಿ ತಂದರೆ ಪ್ರಯೋಜನ ಕಡಿಮೆ.

ಇಲಾಖೆಗಳ ಹೊಣೆ ಇದಕ್ಕಿಂತ ದೊಡ್ಡದು. ರಾಜ್ಯದ ಯಾವುದೇ ಮೂಲೆಯಲ್ಲಿ ಹೊಸ ಕೀಟ ದಾಖಲಾದರೆ ಅದು ಯಾವ ಬೆಳೆಗಳಿಗೆ ಅಪಾಯಕಾರಿ, ಹೇಗೆ ಕಾಣುತ್ತದೆ ಎಂಬ ಚಿತ್ರಸಹಿತ ಮಾಹಿತಿ ತಾಲ್ಲೂಕು ಮಟ್ಟಕ್ಕೆ ಕನ್ನಡದಲ್ಲಿ ತಲುಪಬೇಕು. 650 ಅಕ್ಷರಗಳ ತುಂಡು ಕೀಟದ ಗುಟ್ಟನ್ನು ಬಯಲು ಮಾಡಬಲ್ಲದು. ಮಾನ್ವಿಯ ಬೆಳೆಗಾರನ ಹೂ ಉಳಿಯಬೇಕಾದರೆ ಆ ಗುಟ್ಟು ಕೀಟಕ್ಕಿಂತ ಮೊದಲು ಅವನ ಹೊಲ ತಲುಪಬೇಕು.